ಸ್ವಿಚ್ ಹಾಕಿದ ಮೇಲೆ ಮೊದಲು ಓಡೋದು ಯಾರು? ಗ್ಯಾರಿ ಕಿಲ್ಡಾಲ್ ಬದುಕಿನ ಕಥೆ

ದಸರಾ ರಜೆಗೆ ಊರಿಗೆ ಹೋಗಿದ್ದೆ. ಮನೆ ಕಂಪ್ಯೂಟರ್ ಯಾಕೋ ತೆವಳ್ತಾ ಇದೆ, ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಸ್ವಲ್ಪ ನೋಡು ಅಂತ ಅಪ್ಪ ಅಂದರು. ಸ್ವಿಚ್ ಹಾಕಿ ಕೂತೆ. ಪರದೆ ಏನೋ ಬಂತು, ಆದರೆ ಕರ್ಸರ್ ಪಕ್ಕದ ಚಕ್ರ ತಿರುಗೋದು ನಿಲ್ಲಲೇ ಇಲ್ಲ. ಅಮ್ಮ ತಂದಿಟ್ಟ ಕಾಫಿ ಮುಗಿದರೂ ಒಂದು ಫೈಲ್ ತೆರೆಯಲಿಲ್ಲ. ಕೊನೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು, ಅದರಲ್ಲಿ ಸ್ಟಾರ್ಟಪ್ ಪಟ್ಟಿ ನೋಡಿದೆ. 17 ಪ್ರೋಗ್ರಾಂಗಳು! ಯಾವತ್ತೋ ಮಾರಿಬಿಟ್ಟ ಪ್ರಿಂಟರ್‌ನ ಸಹಾಯಕ, ತಂಗಿ ಒಂದೇ ಒಂದು ಸಲ ಆಡಿ ಬಿಟ್ಟ ಗೇಮಿನ ಲಾಂಚರ್, ಎರಡು ಚಾಟ್ ಆ್ಯಪ್, ಮತ್ತೆ ಇವುಗಳಿಗೆಲ್ಲ ಬೇರೆ ಬೇರೆ ಅಪ್‌ಡೇಟರ್‌ಗಳು. ಪಕ್ಕದಲ್ಲಿ ನಿಂತು ನೋಡ್ತಿದ್ದ ಅಪ್ಪ, ಇಷ್ಟೆಲ್ಲಾ ಶುರು ಮಾಡು ಅಂತ ಇದಕ್ಕೆ ಯಾರು ಹೇಳಿದ್ದು ಅಂತ ಕೇಳಿದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಾಸ್ಟೆಲ್ಲಿಗೆ ವಾಪಸ್ ಬಂದ ಮೇಲೂ ಪ್ರಶ್ನೆ ತಲೆಯಲ್ಲೇ ಇತ್ತು. ಕಂಪ್ಯೂಟರಿಗೆ ಕರೆಂಟ್ ಬಂದ ಕ್ಷಣ ಏನು ಓಡಬೇಕು, ಅದನ್ನು ತೀರ್ಮಾನ ಮಾಡೋರು ಯಾರು? ಇದರ ಬೆನ್ನು ಹತ್ತಿ ಹಿಂದೆ ಹಿಂದೆ ಹೋದರೆ ದಾರಿ 1974ರಲ್ಲಿ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಅನ್ನೋ ಸಣ್ಣ ಊರಿಗೆ, ಅಲ್ಲಿನ ಒಂದು ಮನೆಯ ಹಿತ್ತಿಲ ಶೆಡ್ಡಿಗೆ ಹೋಗುತ್ತದೆ. ಅಲ್ಲಿ ಕೆಲಸ ಮಾಡ್ತಿದ್ದವನು ಗ್ಯಾರಿ ಕಿಲ್ಡಾಲ್. ನಮ್ಮ ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವ್ ಅಂತ ಇದೆಯಲ್ಲ, ಡ್ರೈವ್‌ಗೆ ಅಕ್ಷರ ಕೊಡುವ ಆ ಪದ್ಧತಿ ಮನೆ ಕಂಪ್ಯೂಟರಿಗೆ ಬಂದದ್ದು ಆತನ ಸಿಪಿ/ಎಂ ಮೂಲಕ. ಬಯೋಸ್ ಅನ್ನೋ ಹೆಸರೂ ಆತನದೇ.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಮನೆತನದ್ದು ನೌಕಾಯಾನದ ಶಾಲೆ. ತಾತ ಶುರು ಮಾಡಿದ್ದು, ಅಪ್ಪ ಮುಂದುವರಿಸಿದ್ದು. ಹಡಗಿನ ಅಧಿಕಾರಿಗಳಾಗಬೇಕು ಅನ್ನೋರಿಗೆ ಅಲ್ಲಿ ನಕ್ಷತ್ರ ನೋಡಿ ದಿಕ್ಕು ಲೆಕ್ಕ ಹಾಕೋದು, ನಕ್ಷೆ ಓದೋದು ಹೇಳಿಕೊಡ್ತಿದ್ದರು. ಗ್ಯಾರಿ ಕೂಡ ಅಲ್ಲಿ ಪಾಠ ಮಾಡಿದ. ಲೆಕ್ಕದ ಮೇಷ್ಟ್ರಾಗಬೇಕು ಅಂತಲೇ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಕಂಪ್ಯೂಟರ್ ಸಿಕ್ಕಿತು, ಮೇಷ್ಟ್ರ ಕನಸು ಸ್ವಲ್ಪ ಪಕ್ಕಕ್ಕೆ ಸರಿಯಿತು. ಆದರೆ ಪೂರ್ತಿ ಹೋಗಲಿಲ್ಲ. ಇಡೀ ಬದುಕು ನೋಡಿದರೆ ವ್ಯಾಪಾರಿಗಿಂತ ಮೇಷ್ಟ್ರ ಸ್ವಭಾವವೇ ಆತನಲ್ಲಿ ಹೆಚ್ಚು ಕಾಣೋದು, ಮುಂದೆ ಆದ ಎಡವಟ್ಟುಗಳಿಗೂ ಅದು ಸ್ವಲ್ಪ ಕಾರಣ ಅಂತ ನನಗನಿಸುತ್ತೆ.

ಅದು ವಿಯೆಟ್ನಾಂ ಯುದ್ಧದ ಕಾಲ. ಸೇನಾ ಸೇವೆ ಕಡ್ಡಾಯ. ಕಿಲ್ಡಾಲ್ ನೌಕಾದಳ ಸೇರಿ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ನೌಕಾದಳದ ಸ್ನಾತಕೋತ್ತರ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಕೆಲಸಕ್ಕೆ ಬಂದ. 1972ರಲ್ಲಿ ಪಿಎಚ್‌ಡಿ ಮುಗಿಯಿತು. ಮರುವರ್ಷ ಕಂಪೈಲರ್ ಆಪ್ಟಿಮೈಸೇಶನ್ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಜೀವಂತ. ಕಂಪೈಲರ್ ಡಿಸೈನ್ ತಗೊಂಡಿರೋ ಸೀನಿಯರ್‌ಗಳನ್ನು ಕೇಳಿ, ಡೇಟಾ ಫ್ಲೋ ಅನಾಲಿಸಿಸ್ ಅಂತ ಒಂದು ಅಧ್ಯಾಯ ತಲೆ ತಿಂದಿರುತ್ತೆ. ಅದರ ಬೇರು ಈ ಮನುಷ್ಯನ ಪ್ರಬಂಧದಲ್ಲಿದೆ. ಬೇರೆ ಏನೂ ಮಾಡದಿದ್ದರೂ ಪಠ್ಯಪುಸ್ತಕದಲ್ಲಿ ಹೆಸರು ಉಳೀತಿತ್ತು.

ಅಷ್ಟರಲ್ಲಿ ಇಂಟೆಲ್‌ನವರ 4004 ಅನ್ನೋ ಚಿಪ್ ಬಂದಿತ್ತು. ಸುಮಾರು 2,300 ಟ್ರಾನ್ಸಿಸ್ಟರ್, ಉಗುರಿಗಿಂತ ಚಿಕ್ಕದು. 25 ಡಾಲರಿಗೆ ಕಂಪ್ಯೂಟರ್ ಅನ್ನುವಂಥ ಜಾಹೀರಾತು ಕಿಲ್ಡಾಲ್ ಕಣ್ಣಿಗೆ ಬಿತ್ತು. ಕಾಲೇಜಿನ ಕಂಪ್ಯೂಟರ್ ಒಂದು ಕೋಣೆ ತುಂಬುತ್ತಿದ್ದ ಕಾಲದಲ್ಲಿ 25 ಡಾಲರ್! ಅಪ್ಪನ ನೌಕಾ ಲೆಕ್ಕಗಳನ್ನು ಇದರಲ್ಲಿ ಮಾಡಬಹುದಾ ಅನ್ನೋದು ತಲೆಗೆ ಹೊಕ್ಕಿತು, ಆ ಪುಟಾಣಿ ಚಿಪ್ಪಿಗೆ ಗಣಿತದ ಪ್ರೋಗ್ರಾಂಗಳನ್ನು ಬರೆಯೋಕೆ ಕೂತ. ಹಾಗೇ ಇಂಟೆಲ್ ಜೊತೆ ಪರಿಚಯವಾಗಿ, ಬಿಡುವಿನ ದಿನಗಳಲ್ಲಿ ಅವರಿಗೆ ಸಲಹೆಗಾರನಾದ. ಅವರ 8008, 8080 ಚಿಪ್‌ಗಳಿಗೆ ಪಿಎಲ್/ಎಂ ಅನ್ನೋ ಭಾಷೆ ಮಾಡಿಕೊಟ್ಟ.

ತೊಂದರೆ ಇದ್ದದ್ದು ಬೇರೆ ಕಡೆ. ಚಿಪ್ ಅಗ್ಗ, ಆದರೆ ಪ್ರೋಗ್ರಾಂ ಇಡೋದು ಎಲ್ಲಿ? ಆಗ ಬಳಕೆಯಲ್ಲಿದ್ದದ್ದು ಟೆಲಿಟೈಪ್ ಯಂತ್ರ, ಅದರ ಪೇಪರ್ ಟೇಪ್. ವೇಗ ಸೆಕೆಂಡಿಗೆ 10 ಅಕ್ಷರ. ಲೆಕ್ಕ ಹಾಕಿ ನೋಡಿ: 16 ಕಿಲೋಬೈಟ್ ಪ್ರೋಗ್ರಾಂ ಒಳಗೆ ಹೋಗೋಕೆ 27 ನಿಮಿಷ. ಮಧ್ಯೆ ಕಾಗದ ಹರಿದರೆ ಮತ್ತೆ ಮೊದಲಿಂದ. ಅಪ್ಪನ ಕಂಪ್ಯೂಟರ್ ನಿಧಾನ ಅಂತ ನಾನು ಗೊಣಗಿದ್ದು ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತೆ.

ಆಗಷ್ಟೇ ಬಂದಿದ್ದ 8 ಇಂಚಿನ ಫ್ಲಾಪಿ ಡಿಸ್ಕ್ ಇದಕ್ಕೆ ಸರಿಯಾದ ಪರಿಹಾರ ಅಂತ ಕಿಲ್ಡಾಲ್‌ಗೆ ಗೊತ್ತಾಯಿತು. 77 ಟ್ರ್ಯಾಕ್, ಪ್ರತಿ ಟ್ರ್ಯಾಕಿನಲ್ಲಿ 26 ಸೆಕ್ಟರ್, ಪ್ರತಿ ಸೆಕ್ಟರಿನಲ್ಲಿ 128 ಬೈಟ್. ಒಟ್ಟು ಎರಡೂವರೆ ಲಕ್ಷ ಬೈಟ್‌ಗಿಂತ ಸ್ವಲ್ಪ ಹೆಚ್ಚು, ಬೇಕಾದ ಜಾಗಕ್ಕೆ ನೇರ ಜಿಗಿಯಬಹುದು. ಶುಗಾರ್ಟ್ ಕಂಪನಿಯವರು ಬಾಳಿಕೆ ಪರೀಕ್ಷೆಯಲ್ಲಿ ಸವೆದುಹೋದ ಒಂದು ಡ್ರೈವ್ ಕೊಟ್ಟರು. ಆದರೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ಕಂಟ್ರೋಲರ್ ಬೋರ್ಡ್ ಇರಲಿಲ್ಲ. ತಾನೇ ಮಾಡೋಕೆ ಹೋಗಿ ಸೋತ. ಪ್ರೋಗ್ರಾಂ ಬರೆಯೋದರಲ್ಲಿ ಗಟ್ಟಿಗ, ಸೋಲ್ಡರಿಂಗ್ ಕಡೆ ಅಷ್ಟಕ್ಕಷ್ಟೆ. (ನಮ್ಮ ಬ್ರಾಂಚ್‌ನಲ್ಲಿ ಇಂಥವರು ಯಾರೂ ಇಲ್ಲ ಅಂತ ಹೇಳೋ ಹಾಗಿಲ್ಲ.) ಕೊನೆಗೆ ಹಳೆಯ ಸಹಪಾಠಿ ಜಾನ್ ಟೊರೋಡ್ ಕಂಟ್ರೋಲರ್ ಮಾಡಿಕೊಟ್ಟ. 1974ರಲ್ಲಿ ಶೆಡ್ಡಿನಲ್ಲಿ ಆ ಡಿಸ್ಕಿನಿಂದ ಕಿಲ್ಡಾಲ್ ಬರೆದ ಸಿಪಿ/ಎಂ ಮೇಲೆದ್ದಿತು. ಇಂಟೆಲ್‌ಗೆ ತೋರಿಸಿದರೆ ಅವರಿಗೆ ಅದು ಬೇಕಾಗಿರಲಿಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಸಿಪಿ/ಎಂ ಯಂತ್ರಕ್ಕೆ ಸ್ವಿಚ್ ಹಾಕಿದರೆ ಏನು ಓಡ್ತಿತ್ತು? ಡಿಸ್ಕಿನ ಮೊದಲ ಟ್ರ್ಯಾಕಿನ ಮೊದಲ ಸೆಕ್ಟರಿನಲ್ಲಿ ಒಂದು ಪುಟ್ಟ ಲೋಡರ್. 128 ಬೈಟ್ ಅಷ್ಟೇ. ಅದು ಮೊದಲೆರಡು ಟ್ರ್ಯಾಕ್‌ಗಳಲ್ಲಿ ಕಾಯ್ತಾ ಇರೋ ಉಳಿದ ವ್ಯವಸ್ಥೆಯನ್ನು ಮೆಮೊರಿಯ ತುದಿಗೆ ತಂದು ಕೂರಿಸುತ್ತೆ. ಆ ವ್ಯವಸ್ಥೆಯಲ್ಲಿ ಮೂರು ಭಾಗ. ನಾವು ಟೈಪ್ ಮಾಡಿದ ಆಜ್ಞೆ ಓದುವ ಸಿಸಿಪಿ, ಫೈಲ್‌ಗಳನ್ನು ನೋಡಿಕೊಳ್ಳುವ ಬಿಡಿಒಎಸ್, ಯಂತ್ರದ ಜೊತೆ ನೇರ ಮಾತಾಡುವ ಬಯೋಸ್. 2.2 ಆವೃತ್ತಿಯಲ್ಲಿ ಮೊದಲೆರಡು ಸೇರಿ ಐದೂವರೆ ಕಿಲೋಬೈಟ್. ಬಯೋಸ್ ಯಂತ್ರಕ್ಕೆ ತಕ್ಕ ಹಾಗೆ ಒಂದೆರಡು ಕಿಲೋಬೈಟ್. ಅಷ್ಟು ಬಂದು ಕೂತ ಮೇಲೆ ಪರದೆಯಲ್ಲಿ ಎ ಅಕ್ಷರದ ಪಕ್ಕ ಒಂದು ಬಾಣದ ಗುರುತು. ಮುಗೀತು. ಯಂತ್ರ ಸುಮ್ಮನೆ ನಮ್ಮ ಮಾತಿಗೆ ಕಾಯುತ್ತೆ. ಹಿಂಬಾಗಿಲಿನಿಂದ ಬಂದು ಕೂತ 17 ಜನ ಅತಿಥಿಗಳು ಇಲ್ಲ.

ಅಷ್ಟೇ ಅಲ್ಲ, ದೊಡ್ಡ ಪ್ರೋಗ್ರಾಂ ಬಂದರೆ ಸಿಸಿಪಿ ಕೂತಿದ್ದ ಜಾಗವನ್ನೂ ಅದು ಬಳಸಿಕೊಳ್ಳಬಹುದಿತ್ತು. ಕೆಲಸ ಮುಗಿದ ಮೇಲೆ ಪ್ರೋಗ್ರಾಂ ಮೆಮೊರಿಯ ಸೊನ್ನೆ ವಿಳಾಸಕ್ಕೆ ಜಿಗಿದರೆ ಸಾಕು, ಬಯೋಸ್ ಡಿಸ್ಕಿನಿಂದ ಹೊಸದಾಗಿ ಸಿಸಿಪಿ ತಂದು ಕೂರಿಸುತ್ತೆ. ಇದಕ್ಕೆ ವಾರ್ಮ್ ಬೂಟ್ ಅಂತಾರೆ. ಕರೆಂಟ್ ಹಾಕಿದಾಗಿನದು ಕೋಲ್ಡ್ ಬೂಟ್. ಬಂದ ನೆಂಟ ಇಡೀ ಮನೆ ಬಳಸಿಕೊಂಡು, ಹೋಗುವಾಗ ಗುಡಿಸಿ ಒರೆಸಿ ಹೋದ ಹಾಗೆ.

ಇನ್ನು ಬಯೋಸ್ ಹೇಗೆ ಹುಟ್ಟಿತು ಅನ್ನೋದು. ಮೊದಮೊದಲು ಸಿಪಿ/ಎಂ ಅನ್ನು ಪ್ರತಿ ಹೊಸ ಯಂತ್ರಕ್ಕೂ ಕಿಲ್ಡಾಲ್ ತಾನೇ ಕೂತು ತಿದ್ದಬೇಕಾಗ್ತಿತ್ತು. ಒಬ್ಬರ ಡಿಸ್ಕ್ ಕಂಟ್ರೋಲರ್ ಒಂದು ಥರ, ಇನ್ನೊಬ್ಬರದು ಇನ್ನೊಂದು ಥರ. ಇಮ್ಸಾಯ್ ಅನ್ನೋ ಕಂಪನಿ ತಮ್ಮ ಯಂತ್ರಕ್ಕೂ ಮಾಡಿಕೊಡಿ ಅಂತ ಬಂದಾಗ, ಯಂತ್ರಕ್ಕೆ ಸಂಬಂಧಪಟ್ಟ ಸಾಲುಗಳನ್ನೆಲ್ಲ ಒಂದು ಕಡೆ ಬೇರ್ಪಡಿಸಿಬಿಟ್ಟ. ಅದೇ ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್, ಬಯೋಸ್. ಕೀಬೋರ್ಡಿನಿಂದ ಒಂದು ಅಕ್ಷರ ತಗೋ, ಪರದೆಗೆ ಒಂದು ಅಕ್ಷರ ಕಳಿಸು, ಈ ಟ್ರ್ಯಾಕಿಗೆ ಹೋಗು, ಈ ಸೆಕ್ಟರ್ ಓದು, ಹೀಗೆ 2.2ರ ಹೊತ್ತಿಗೆ ಒಟ್ಟು 17 ಸಣ್ಣ ಕೆಲಸಗಳ ಪಟ್ಟಿ. ಪಟ್ಟಿಯ ಮೊದಲೆರಡು ಕೋಲ್ಡ್ ಬೂಟ್, ವಾರ್ಮ್ ಬೂಟ್. (ನನ್ನ ಅಪ್ಪನ ಕಂಪ್ಯೂಟರಿನ ಪಟ್ಟಿಯೂ 17 ಅನ್ನೋದು ಬರೀ ಕಾಕತಾಳೀಯ, ಆದರೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಗು ಬಂತು.) ಈ 17 ಬರೆದುಕೊಂಡರೆ ಯಾವ ಯಂತ್ರದಲ್ಲಾದರೂ ಉಳಿದ ಸಿಪಿ/ಎಂ ಹಾಗೇ ಓಡುತ್ತೆ.

ಇದರಲ್ಲಿ ನನಗೆ ಇಷ್ಟವಾದದ್ದು ಏನು ಅಂದರೆ, ಅದನ್ನು ಹೇಗೆ ಬದಲಾಯಿಸಬೇಕು ಅನ್ನೋದನ್ನೂ ಮೇಷ್ಟ್ರ ಹಾಗೆ ಕೈಪಿಡಿಯಲ್ಲಿ ಬರೆದುಕೊಟ್ಟಿದ್ದು. ಮಾದರಿ ಬಯೋಸ್‌ನ ಅಸೆಂಬ್ಲಿ ಸಾಲುಗಳೇ ಅಚ್ಚಾಗಿ ಬರ್ತಿದ್ದವು. ಕಂಪನಿಗಳಷ್ಟೇ ಅಲ್ಲ, ಮನೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡ ಹವ್ಯಾಸಿಗಳೂ ತಮ್ಮ ಬಯೋಸ್ ತಾವೇ ಬರೆದುಕೊಂಡರು. ಸ್ವಿಚ್ ಹಾಕಿದ ಕೂಡಲೇ ತಮಗೆ ಬೇಕಾದ ಪ್ರೋಗ್ರಾಂ ತಾನಾಗಿ ಓಡಬೇಕು ಅಂದರೆ, ಸಿಸಿಪಿ ಒಳಗಿನ ಆಜ್ಞೆಯ ಜಾಗದಲ್ಲಿ ಅದರ ಹೆಸರು ತುಂಬಿಸಿ ಡಿಸ್ಕಿಗೆ ಬರೀತಿದ್ದರು. ಮುಂದೆ ಸಿಪಿ/ಎಂ 3ರಲ್ಲಿ ಇದಕ್ಕೆ ಪ್ರೊಫೈಲ್.ಸಬ್ ಅನ್ನೋ ಫೈಲೇ ಬಂತು. ಅದರಲ್ಲಿ ಬರೆದದ್ದು ಮಾತ್ರ ಓಡುತ್ತೆ. ಡಾಸ್‌ನಲ್ಲಿದ್ದ ಆಟೋಎಕ್ಸೆಕ್.ಬ್ಯಾಟ್ ಕೂಡ ಇದೇ ಜಾತಿ. ಸ್ಟಾರ್ಟಪ್ ಪಟ್ಟಿ ಅನ್ನೋದು ಯಜಮಾನ ಕೈಯಾರೆ ಬರೆಯುವ ಚೀಟಿಯಾಗಿತ್ತು.

ಅಪ್‌ಡೇಟ್ ಕೂಡ ಹಾಗೇ. ನೆಟ್ ಇಲ್ಲ. ಹೊಸ ಆವೃತ್ತಿ ಅಂದರೆ ಅಂಚೆಯಲ್ಲಿ ಬರುವ ಫ್ಲಾಪಿ. ಸಣ್ಣ ತಪ್ಪಿನ ತಿದ್ದುಪಡಿ ಆದರೆ ಒಂದು ಹಾಳೆ: ಇಂಥ ವಿಳಾಸದಲ್ಲಿ ಇಂಥ ಬೈಟ್ ಇದೆ, ಅದನ್ನು ಹೀಗೆ ಮಾಡಿ. ಡಿಡಿಟಿ ಅನ್ನೋ ಡೀಬಗರ್ ತೆಗೆದು, ಹೆಕ್ಸ್ ಅಂಕಿಗಳನ್ನು ಒಂದೊಂದೇ ಟೈಪ್ ಮಾಡಿ ಸೇವ್ ಮಾಡಬೇಕು. ಬೇಡ ಅನಿಸಿದರೆ ಹಾಳೆ ಮಡಚಿಡಬಹುದು.

ಇದನ್ನೆಲ್ಲ ಹೇಳುವಾಗ ಆ ಕಾಲವೇ ಚಿನ್ನ ಅಂತ ನಾನು ವಾದ ಮಾಡ್ತಿಲ್ಲ. ಒಂದು ಬೈಟ್ ತಪ್ಪಿದರೆ ಡಿಸ್ಕ್ ಏಳ್ತಾನೇ ಇರಲಿಲ್ಲ. ಒಂದು ಕಂಪನಿಯ ಫ್ಲಾಪಿ ಇನ್ನೊಂದರಲ್ಲಿ ಓದೋಕೆ ಆಗ್ತಿರಲಿಲ್ಲ. ಮತ್ತೆ ಮೊದಲ ಸೆಕ್ಟರಿನಲ್ಲಿ ಏನಿದ್ದರೂ ಪ್ರಶ್ನೆ ಮಾಡದೆ ಓಡಿಸುವ ಪದ್ಧತಿಯೇ ಮುಂದೆ ಕಳ್ಳರಿಗೆ ಬಾಗಿಲಾಯಿತು. 1986ರಲ್ಲಿ ಬಂದ ಬ್ರೈನ್ ವೈರಸ್ ಐಬಿಎಂ ಪಿಸಿಯ ಫ್ಲಾಪಿಗಳಲ್ಲಿ ಕೂತದ್ದು ಸರಿಯಾಗಿ ಅದೇ ಬೂಟ್ ಸೆಕ್ಟರಿನಲ್ಲಿ. ಇವತ್ತು ನಾವು ಇಡೀ ದಿನ ನೆಟ್‌ಗೆ ಅಂಟಿಕೊಂಡಿರೋರು, ಸುರಕ್ಷತೆಯ ತಿದ್ದುಪಡಿಗಳನ್ನು ಹಾಳೆ ಮಡಚಿಟ್ಟ ಹಾಗೆ ಇಟ್ಟರೆ ಕೆಲಸ ಕೆಡುತ್ತೆ.

ವ್ಯಾಪಾರಕ್ಕೆ ಬರೋಣ. ಕಿಲ್ಡಾಲ್ ಮತ್ತು ಹೆಂಡತಿ ಡೊರೊಥಿ ಸೇರಿ ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್ ಅಂತ ಕಂಪನಿ ಕಟ್ಟಿದರು. ಹೆಸರಿನ ಮೊದಲರ್ಧ ಬೇಗ ಬಿದ್ದುಹೋಗಿ ಬರೀ ಡಿಜಿಟಲ್ ರಿಸರ್ಚ್ ಆಯಿತು. ಗಂಡಹೆಂಡತಿ ಸೇರಿ ನಡೆಸುವ ಅಂಗಡಿ ಅಂತ ಗಿರಾಕಿಗಳು ಹಗುರ ಮಾಡಬಾರದು ಅಂತ ಡೊರೊಥಿ ತವರಿನ ಮ್ಯಾಕ್‌ಇವನ್ ಅನ್ನೋ ಹೆಸರನ್ನೇ ಬಳಸಿದಳು. ವ್ಯವಹಾರ ನೋಡಿಕೊಂಡವಳು ಆಕೆಯೇ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅಂಚೆಯಲ್ಲಿ 70 ಡಾಲರಿಗೆ ಸಿಪಿ/ಎಂ ಮಾರಿದರು. 1977ರಲ್ಲಿ ಇಮ್ಸಾಯ್ 25,000 ಡಾಲರಿಗೆ ಲೈಸನ್ಸ್ ತಗೊಂಡಿತು. ಬಯೋಸ್ ಬೇರೆಯಾದದ್ದರಿಂದ ಸಿಪಿ/ಎಂ ಕಾಡುಗಿಚ್ಚಿನ ಹಾಗೆ ಹಬ್ಬಿತು. 1980ರ ಆಸುಪಾಸಿಗೆ ಬೇರೆ ಬೇರೆ ಕಂಪನಿಗಳ ಸಾವಿರಾರು ಮಾದರಿ ಯಂತ್ರಗಳಲ್ಲಿ ಅದೇ ಇತ್ತು.

ಆಮೇಲೆ ಎಲ್ಲರೂ ಹೇಳುವ ಆ ಒಂದು ಕಥೆ. 1980ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕ್ತಾ ಬಂತು. ಕಿಲ್ಡಾಲ್ ಅವತ್ತು ವಿಮಾನ ಹಾರಿಸ್ಕೊಂಡು ಮಜಾ ಮಾಡ್ತಿದ್ದ, ಅದೃಷ್ಟ ಬಾಗಿಲು ತಟ್ಟಿದಾಗ ಮನೇಲಿರಲಿಲ್ಲ ಅಂತ ಕಥೆ. ಇದು ಅರ್ಧ ನಿಜ. ಆತ ತನ್ನ ವಿಮಾನದಲ್ಲಿ ಹೋಗಿದ್ದು ಹೌದು, ಆದರೆ ಒಬ್ಬ ಗಿರಾಕಿಯನ್ನು ನೋಡೋಕೆ, ಕೆಲಸದ ಮೇಲೆ. ಐಬಿಎಂನವರು ಮಾತು ಶುರು ಮಾಡುವ ಮೊದಲೇ ಗುಟ್ಟು ಕಾಯುವ ಕರಾರಿಗೆ ಸಹಿ ಕೇಳಿದರು. ಅದು ತೀರಾ ಏಕಪಕ್ಷೀಯ ಅನಿಸಿ, ವಕೀಲರನ್ನು ಕೇಳಿ ಡೊರೊಥಿ ಸಹಿ ಹಾಕಲಿಲ್ಲ. ಮಧ್ಯಾಹ್ನದ ಮೇಲೆ ಏನಾಯಿತು ಅನ್ನೋದರಲ್ಲಿ ಎರಡೂ ಕಡೆಯವರ ನೆನಪು ಬೇರೆ ಬೇರೆ. ಕರಾರಂತೂ ಆಗಲಿಲ್ಲ.

ಐಬಿಎಂ ಮೈಕ್ರೋಸಾಫ್ಟ್ ಹತ್ತಿರ ಹೋಯಿತು. ಅವರ ಹತ್ತಿರವೂ ಸಿದ್ಧವಾದದ್ದು ಇರಲಿಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಅನ್ನೋ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ 86-ಡಾಸ್ ಅನ್ನು ಮೊದಲು ಲೈಸನ್ಸ್ ಪಡೆದು, 1981ರಲ್ಲಿ ಪೂರ್ತಿ ಕೊಂಡುಕೊಂಡರು. ಆ 86-ಡಾಸ್, ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ ತರಬೇಕು ಅಂತ ಸಿಪಿ/ಎಂನ ಕರೆಗಳ ಮಾದರಿಯಲ್ಲೇ ಕಟ್ಟಿದ್ದು. ಡ್ರೈವ್ ಅಕ್ಷರ, ಎಂಟು ಅಕ್ಷರದ ಹೆಸರಿಗೆ ಮೂರಕ್ಷರದ ಬಾಲ, ಎಲ್ಲಾ ಅದೇ. ಪಿಸಿ ಬಂದಾಗ ಕಿಲ್ಡಾಲ್ ನೋಡಿ ಕೆಂಡವಾದ. ಕೋರ್ಟಿಗೆ ಹೋಗದ ಹಾಗೆ ಐಬಿಎಂ, ಸಿಪಿ/ಎಂ-86 ಅನ್ನೂ ಪಿಸಿ ಜೊತೆ ಮಾರ್ತೀವಿ ಅಂತ ಒಪ್ಪಿಕೊಂಡಿತು. ಅಂಗಡಿಗೆ ಬಂದಾಗ ಬೆಲೆ ನೋಡಿ: ಪಿಸಿ ಡಾಸ್ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್. ಯಾವುದನ್ನು ಜನ ತಗೊಂಡರು ಅಂತ ಬೇರೆ ಹೇಳಬೇಕಾ?

ಇನ್ನೊಂದು ವ್ಯಂಗ್ಯ ಇದೆ, ಅದನ್ನು ಅಷ್ಟಾಗಿ ಯಾರೂ ಹೇಳೋದಿಲ್ಲ. ಐಬಿಎಂ ಪಿಸಿಯಲ್ಲಿ ಬಯೋಸ್ ಒಂದು ರಾಮ್ ಚಿಪ್ಪಿನಲ್ಲಿ ಕೂತಿತ್ತು, ಆಪರೇಟಿಂಗ್ ಸಿಸ್ಟಮ್ ಹೊರಗಿತ್ತು. ಗೆರೆ ಕಿಲ್ಡಾಲ್ ಎಳೆದದ್ದೇ. ಆದ್ದರಿಂದ ಐಬಿಎಂನ ಯಂತ್ರದಂಥದ್ದನ್ನೇ ಮಾಡಬೇಕು ಅಂದರೆ, ಬಿಡಿಭಾಗಗಳನ್ನು ಪೇಟೆಯಲ್ಲಿ ತಂದು, ಬಯೋಸ್ ಒಂದನ್ನು ನಕಲು ಮಾಡದೆ ಹೊಸದಾಗಿ ಬರೆದುಕೊಂಡರೆ ಸಾಕಿತ್ತು. ಕಾಂಪ್ಯಾಕ್ ಅದನ್ನೇ ಮಾಡಿತು, ಹಿಂದೆಯೇ ಹತ್ತಾರು ಕಂಪನಿಗಳು ಬಂದವು. ಅವೆಲ್ಲಕ್ಕೂ ಡಾಸ್ ಮಾರಿದ್ದು ಮೈಕ್ರೋಸಾಫ್ಟ್. ಕಿಲ್ಡಾಲ್ ಕಟ್ಟಿದ ಸೇತುವೆಯ ಸುಂಕ ಬೇರೆಯವರ ಗಲ್ಲಾಪೆಟ್ಟಿಗೆಗೆ ಹೋಯಿತು.

ಆಮೇಲಿನ ವರ್ಷಗಳನ್ನು ಬರೀ ಸೋಲು ಅನ್ನೋದು ತಪ್ಪು. ಹಲವು ಕೆಲಸ ಒಟ್ಟಿಗೆ ಮಾಡುವ ಸಿಸ್ಟಮ್, ಚಿತ್ರಗಳ ಪರದೆಯ ಜೆಮ್, ಡಿಆರ್-ಡಾಸ್ ಎಲ್ಲ ಆತನ ಕಂಪನಿಯಿಂದ ಬಂದವು. 1985ರಲ್ಲಿ ಗ್ರೋಲಿಯರ್ ವಿಶ್ವಕೋಶ ಸಿಡಿ ಮೇಲೆ ಬಂದದ್ದರ ಹಿಂದೆಯೂ ಆತ ಇದ್ದ. 1983ರಿಂದ ಕೆಲವು ವರ್ಷ ದಿ ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮದ ಸಹನಿರೂಪಕನಾಗಿದ್ದ. ಆ ವಿಡಿಯೊಗಳು ಈಗಲೂ ಸಿಗುತ್ತವೆ, ನೋಡಿ. ಕೆಂಪು ಗಡ್ಡದ ಮನುಷ್ಯ, ಎದುರಾಳಿ ಕಂಪನಿಯ ಸಾಮಾನನ್ನೂ ಮಕ್ಕಳಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಬಿಡಿಸಿ ಹೇಳ್ತಾನೆ. ಮತ್ತೆ ಮೇಷ್ಟ್ರು!

ಆದರೆ ಮನಸ್ಸಿನ ಗಾಯ ಮಾಯಲಿಲ್ಲ. ಡೊರೊಥಿ ಜೊತೆಗಿನ ಮದುವೆ ಮುರಿಯಿತು. 1991ರಲ್ಲಿ ಕಂಪನಿಯನ್ನು ನೋವೆಲ್‌ಗೆ ಮಾರಿದ. 1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ತನ್ನ ಕಂಪ್ಯೂಟರ್ ವಿಭಾಗದ 25ನೇ ವರ್ಷಾಚರಣೆಗೆ ಆತನನ್ನೂ ಕರೆಯಿತು. ಮುಖ್ಯ ಭಾಷಣಕಾರ ಬಿಲ್ ಗೇಟ್ಸ್. ಅಲ್ಲೇ ಓದಿ ಪಿಎಚ್‌ಡಿ ಮಾಡಿದ ತನ್ನನ್ನು ಬಿಟ್ಟು ಆತನನ್ನು ಕೂರಿಸಿದರಲ್ಲ ಅಂತ ಕಿಲ್ಡಾಲ್‌ಗೆ ತುಂಬಾ ನೋವಾಯಿತು. ಆ ಸಿಟ್ಟಿನಲ್ಲೇ ಆತ್ಮಕಥೆ ಬರೆಯೋಕೆ ಕೂತ, ಪ್ರತಿಗಳನ್ನು ಹತ್ತಿರದವರಿಗೆ ಕೊಟ್ಟ, ಅಚ್ಚು ಹಾಕಿಸಲಿಲ್ಲ. ಕುಡಿತ ಹೆಚ್ಚಿತ್ತು. 1994ರ ಜುಲೈನಲ್ಲಿ ಮಾಂಟೆರೆಯ ಒಂದು ಬಾರಿನಲ್ಲಿ ತಲೆಗೆ ಪೆಟ್ಟಾಯಿತು. ಹೇಗೆ ಅನ್ನೋದು ಕೊನೆವರೆಗೂ ಸ್ಪಷ್ಟವಾಗಲಿಲ್ಲ. ಮೂರು ದಿನಗಳ ಮೇಲೆ, ಜುಲೈ 11ರಂದು ತೀರಿಕೊಂಡ. ವಯಸ್ಸು 52. ಆತ್ಮಕಥೆಯ ಮೊದಲ ಭಾಗವನ್ನು ಮಕ್ಕಳ ಒಪ್ಪಿಗೆಯಿಂದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2016ರಲ್ಲಿ ಹೊರತಂದಿತು. ಅದಕ್ಕೂ ಎರಡು ವರ್ಷ ಮೊದಲು ಪೆಸಿಫಿಕ್ ಗ್ರೋವ್‌ನ ಹಳೇ ಆಫೀಸಿನ ಮುಂದೆ ಐಇಇಇ ಒಂದು ಫಲಕ ಹಾಕಿದೆ.

ಅಪ್ಪನ ಕಂಪ್ಯೂಟರಿಗೆ ಏನು ಮಾಡಿದೆ ಅಂತ ಹೇಳಿಬಿಡ್ತೀನಿ. ಪಟ್ಟಿಯಲ್ಲಿದ್ದ ಒಂದೊಂದರ ಹೆಸರನ್ನೂ ಅಪ್ಪನಿಗೆ ಓದಿ ಹೇಳಿದೆ, ಬೇಕಾ ಬೇಡ್ವಾ ಅಂತ ಅವರೇ ತೀರ್ಮಾನ ಮಾಡಿದರು. ಆ್ಯಂಟಿವೈರಸ್, ಸೌಂಡ್, ಟಚ್‌ಪ್ಯಾಡ್‌ದು ಮುಟ್ಟಲಿಲ್ಲ. ಪ್ರಿಂಟರ್ ಸಹಾಯಕನನ್ನು, ಬಳಸದ ಸಾಫ್ಟ್‌ವೇರ್‌ಗಳನ್ನು ಅವುಗಳ ಅಪ್‌ಡೇಟರ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿದೆ. ಗೇಮ್ ಲಾಂಚರ್ ಬೇಕು ಅಂತ ತಂಗಿ ಹಟ ಹಿಡಿದದ್ದರಿಂದ ಅದನ್ನು ಡಿಸೇಬಲ್ ಮಾತ್ರ ಮಾಡಿದೆ. ವಿಂಡೋಸ್ ಅಪ್‌ಡೇಟ್ ನಿಲ್ಲಿಸಲಿಲ್ಲ, ಆದರೆ ಅಪ್ಪ ಲೆಕ್ಕಪತ್ರ ಬರೆಯುವ ಹೊತ್ತನ್ನು ಆ್ಯಕ್ಟಿವ್ ಅವರ್ಸ್‌ಗೆ ಹಾಕಿದೆ, ಆ ಹೊತ್ತಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗೋದಿಲ್ಲ. ಇನ್ನೊಂದು ವಿಷಯ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗೋದಿಲ್ಲ, ಕರ್ನಲ್‌ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಬೆಳಿಗ್ಗೆ ಅಲ್ಲಿಂದಲೇ ಏಳುತ್ತೆ. ನಿಜವಾದ ಹೊಸ ಆರಂಭ ಬೇಕು ಅಂದರೆ ರೀಸ್ಟಾರ್ಟ್ ಒತ್ತಬೇಕು. ಕೋಲ್ಡ್ ಬೂಟ್, ವಾರ್ಮ್ ಬೂಟ್ ವ್ಯತ್ಯಾಸ ಇನ್ನೂ ಬೇರೆ ವೇಷದಲ್ಲಿ ಇದೆ, ಸ್ವಲ್ಪ ತಲೆಕೆಳಗಾಗಿ.

17ರಲ್ಲಿ 5 ಉಳಿದವು. ಕಾಫಿ ಕುದಿಯೋ ಮೊದಲೇ ಫೈಲ್ ತೆರೆಯೋಕೆ ಶುರುವಾಯಿತು. ದೀಪಾವಳಿಗೆ ಮತ್ತೆ ಹೋದಾಗ ನೋಡಿದರೆ ಪಟ್ಟಿಯಲ್ಲಿ 6 ಇದ್ದವು. ಗೇಮ್ ಲಾಂಚರ್ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಂಡು, ತನ್ನ ಹೆಸರನ್ನು ವಾಪಸ್ ಬರೆದುಕೊಂಡಿತ್ತು.